ಆಹುತಿಯೋ, ಆಜ್ಞೆಯೋ? ಪೊಕೆಮಾನ್ ಆಟದ ಆತ್ಮಸ್ಫೋಟ: ಒಂದು ವಿವೇಚನೆ

2016ರ ಸೆಪ್ಟೆಂಬರಿನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯದ ಮುಂದೆ ಒಂದು ಅಪೂರ್ವವಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದಿತು. ಪೊಕೆಮಾನ್ ಗೋ ಎಂಬ ಮೊಬೈಲ್ ಆಟದಲ್ಲಿ ಹಿಂದೂ ಮತ್ತು ಜೈನ ದೇವಾಲಯಗಳಿರುವ ಸ್ಥಳಗಳಲ್ಲಿ ಮೊಟ್ಟೆಗಳು ದೊರೆಯುವಂತೆ ತೋರಿಸಲಾಗುತ್ತಿದೆ, ಇದರಿಂದ ಭಕ್ತರ ಭಾವನೆಗಳಿಗೆ ನೋವಾಗುತ್ತದೆ ಎಂಬುದು ಅರ್ಜಿಯ ಸಾರ. ನ್ಯಾಯಾಲಯವು ಆಟದ ಕಂಪನಿಗೆ ನೋಟೀಸು ನೀಡಿತು. ಆ ಸುದ್ದಿಯನ್ನು ಓದಿ ಕೆಲವರು ನಕ್ಕಿರಬಹುದು, ಕೆಲವರು ನೊಂದಿರಬಹುದು. ಒಟ್ಟಿನಲ್ಲಿ ಪರದೆಯ ಮೇಲಿನ ಒಂದು ಮೊಟ್ಟೆಯ ಚಿತ್ರವು ಧರ್ಮಶ್ರದ್ಧೆಯುಳ್ಳವರ ಗಮನವನ್ನು ಸೆಳೆಯಿತು.

ಆದರೆ ಅದೇ ಆಟದ ಸರಣಿಯಲ್ಲಿ, ಆ ಹೊತ್ತಿಗೆ ಇಪ್ಪತ್ತು ವರ್ಷಗಳಿಂದಲೂ, ಮೊಟ್ಟೆಗಿಂತ ಬಹಳ ಗಂಭೀರವಾದ ಇನ್ನೊಂದು ಸಂಗತಿ ಇತ್ತು. ಅದರ ಬಗ್ಗೆ ಯಾರೂ ಅರ್ಜಿ ಹಾಕಲಿಲ್ಲ. ಆಟಗಾರನು ತಾನು ಸಾಕಿದ ಜೀವಿಗೆ ‘ನೀನು ಸ್ಫೋಟಗೊಳ್ಳು’ ಎಂದು ಆಜ್ಞಾಪಿಸುತ್ತಾನೆ. ಆ ಜೀವಿ ಸ್ಫೋಟಗೊಂಡು ಎದುರಾಳಿಗೆ ಭಾರಿ ಪೆಟ್ಟು ಕೊಟ್ಟು ತಾನೂ ನೆಲಕ್ಕೆ ಬೀಳುತ್ತದೆ. ಆಟದ ಭಾಷೆಯಲ್ಲಿ ಇದರ ಹೆಸರು ಸೆಲ್ಫ್ ಡಿಸ್ಟ್ರಕ್ಟ್, ಅಂದರೆ ಆತ್ಮಸ್ಫೋಟ. ಇದರ ಇನ್ನೂ ಪ್ರಬಲವಾದ ರೂಪ ಎಕ್ಸ್‌ಪ್ಲೋಶನ್. ಜಪಾನೀ ಮೂಲದ ಹೆಸರಿನ ಅರ್ಥ ಮಹಾಸ್ಫೋಟ. ಇದನ್ನು ತ್ಯಾಗವೆಂದು ಎಣಿಸುವವರುಂಟು. ಅದು ನಿಜವಾಗಿ ತ್ಯಾಗವೇ ಎಂಬುದು ಇಲ್ಲಿಯ ಪ್ರಶ್ನೆ.

ಆಟದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಪೊಕೆಮಾನ್‌ನ ಮೊದಲ ಎರಡು ಆವೃತ್ತಿಗಳಾದ ‘ರೆಡ್’ ಮತ್ತು ‘ಗ್ರೀನ್’ ಜಪಾನಿನಲ್ಲಿ 1996ರ ಫೆಬ್ರವರಿ 27ರಂದು, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಹೊರಬಂದವು. ಅವುಗಳ ಕಲ್ಪಕರು ಗೇಮ್ ಫ್ರೀಕ್ ಸಂಸ್ಥೆಯ ಸತೋಶಿ ತಾಜಿರಿ. ಟೋಕಿಯೋ ಬಳಿಯ ಮಾಚಿದಾದಲ್ಲಿ ಬೆಳೆದ ಇವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸವಿತ್ತು. ಹೊಲಗದ್ದೆಗಳು ಮಾಯವಾಗಿ ಕಟ್ಟಡಗಳೆದ್ದ ಮೇಲೆ, ನಗರದ ಮಕ್ಕಳಿಗೂ ಆ ಸಂತೋಷ ದೊರೆಯಲೆಂಬ ಆಸೆಯೇ ಆಟದ ಬೀಜ. ಮೊದಲ ಆವೃತ್ತಿಗಳಲ್ಲಿ 151 ಬಗೆಯ ಕಾಲ್ಪನಿಕ ಜೀವಿಗಳಿದ್ದವು. ಆಟಗಾರನು ಅವುಗಳನ್ನು ಹಿಡಿದು, ಸಾಕಿ, ಹೆಸರಿಟ್ಟು, ಆರರವರೆಗೆ ಜೊತೆಯಲ್ಲಿ ಕರೆದೊಯ್ದು, ಇತರರ ಜೀವಿಗಳೊಡನೆ ಕಾದಾಡಿಸುತ್ತಾನೆ. ಪ್ರತಿಯೊಂದು ಜೀವಿಗೂ ಒಮ್ಮೆಗೆ ನಾಲ್ಕು ಪಟ್ಟುಗಳು ಮಾತ್ರ ತಿಳಿದಿರುತ್ತವೆ.

ಈ ಪಟ್ಟುಗಳಲ್ಲಿ ಆತ್ಮಸ್ಫೋಟದ ಸ್ಥಾನ ವಿಶಿಷ್ಟವಾದುದು. ಮೊದಲ ಪೀಳಿಗೆಯಲ್ಲಿ ಅದರ ಬಲ 130, ಮಹಾಸ್ಫೋಟದ್ದು 170. 1999ರ ಎರಡನೆಯ ಪೀಳಿಗೆಯಿಂದ ಇವು ಕ್ರಮವಾಗಿ 200 ಮತ್ತು 250ಕ್ಕೆ ಏರಿದವು. ಒಂದು ಸರದಿಯ ವಿಶ್ರಾಂತಿಯನ್ನು ಬೇಡುವ ಹೈಪರ್ ಬೀಮ್ ಎಂಬ ಘೋರ ಪಟ್ಟಿನ ಬಲವೇ 150 ಎಂಬುದನ್ನು ನೆನೆದರೆ ಈ ಅಂಕಿಗಳ ಅಳತೆ ತಿಳಿಯುತ್ತದೆ. ಇದು ಸಾಲದೆಂಬಂತೆ, ಮೊದಲ ನಾಲ್ಕು ಪೀಳಿಗೆಗಳಲ್ಲಿ ಪೆಟ್ಟಿನ ಲೆಕ್ಕ ಹಾಕುವಾಗ ಎದುರಾಳಿಯ ರಕ್ಷಣಾಬಲವನ್ನು ಅರ್ಧಕ್ಕೆ ಇಳಿಸಲಾಗುತ್ತಿತ್ತು. ಎಂದರೆ ಪೆಟ್ಟು ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ಪ್ರೇತವರ್ಗದ ಜೀವಿಗಳಿಗೆ ಈ ಪೆಟ್ಟು ತಗಲುವುದೇ ಇಲ್ಲ. ಆದರೆ ಗುರಿ ತಪ್ಪಿದರೂ, ತಗಲದೆ ಹೋದರೂ, ಸ್ಫೋಟಿಸಿದ ಜೀವಿ ಮಾತ್ರ ಬಿದ್ದೇ ಬೀಳುತ್ತದೆ. 2002ರಲ್ಲಿ ಇಬ್ಬಿಬ್ಬರ ಕಾಳಗ ಬಂದ ಮೇಲೆ, ಪಕ್ಕದಲ್ಲಿ ನಿಂತ ಸ್ವಪಕ್ಷದ ಸಂಗಾತಿಗೂ ಅದರ ಬೆಂಕಿ ತಾಗತೊಡಗಿತು.

ಚೆಂಡಿನಂತಿರುವ ವೋಲ್ಟೋರ್ಬ್, ಕಲ್ಲಿನಂತಿರುವ ಜಿಯೋಡ್ಯೂಡ್, ವಿಷವಾಯು ತುಂಬಿದ ಕಾಫಿಂಗ್ ಮುಂತಾದ ಜೀವಿಗಳು ಬೆಳೆಯುತ್ತ ತಾವಾಗಿ ಈ ಪಟ್ಟನ್ನು ಕಲಿಯುತ್ತವೆ. ಅವುಗಳ ಮಟ್ಟಿಗೆ ಇದು ಸ್ವಭಾವವೆಂದು ಹೇಳಬಹುದು. ಆದರೆ ಮೊದಲ ಪೀಳಿಗೆಯಲ್ಲಿ ಪಟ್ಟುಗಳನ್ನು ಯಂತ್ರಗಳ ಮೂಲಕ ಕಲಿಸುವ ಸೌಲಭ್ಯವೂ ಇತ್ತು. 36ನೆಯ ಯಂತ್ರ ಆತ್ಮಸ್ಫೋಟದ್ದು, 47ನೆಯದು ಮಹಾಸ್ಫೋಟದ್ದು. ಉಣ್ಣುವುದು, ಮಲಗುವುದು ಇವೆರಡನ್ನು ಬಿಟ್ಟು ಬೇರೇನನ್ನೂ ಬಯಸದ ಸ್ನಾರ್ಲ್ಯಾಕ್ಸ್ ಎಂಬ ಭಾರಿ ಮೈಯ ಸಾಧುಜೀವಿಗೂ ಆ 36ನೆಯ ಯಂತ್ರದಿಂದ ಆತ್ಮಸ್ಫೋಟವನ್ನು ಕಲಿಸಬಹುದಾಗಿತ್ತು. ಇಲ್ಲಿ ಸ್ವಭಾವದ ಮಾತು ಕೊನೆಗೊಳ್ಳುತ್ತದೆ. ಕಲಿಸಿದವನೂ ಆಟಗಾರ, ಗುಂಡಿ ಒತ್ತಿದವನೂ ಆಟಗಾರ. ಸ್ಫೋಟಗೊಂಡದ್ದು ಮಾತ್ರ ಜೀವಿ.

ಹಾಗಿದ್ದ ಮೇಲೆ ಇದರ ಹೆಸರಿನಲ್ಲಿರುವ ‘ಆತ್ಮ’ ಯಾರದು? ಜಪಾನೀ ಮೂಲದಲ್ಲಿ ಇದರ ಹೆಸರು ‘ಜಿಬಾಕು’. ತನ್ನನ್ನು ತಾನೇ ಸ್ಫೋಟಿಸಿಕೊಳ್ಳುವುದು ಎಂದರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೇನಾ ಪ್ರಕಟಣೆಗಳು ಮರಳಿ ಬಾರದ ತಮ್ಮ ವಿಮಾನಗಳನ್ನು ಕುರಿತು ಇದೇ ಪದವನ್ನು ಬಳಸುತ್ತಿದ್ದವು. ಆಟದ ಕರ್ತೃಗಳು ಆ ನೆನಪನ್ನು ಉದ್ದೇಶಿಸಿದರೆಂದು ಹೇಳಲು ಆಧಾರವಿಲ್ಲ. ಆದರೆ ಆ ಪದದ ಚರಿತ್ರೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಆಜ್ಞೆ ಕೊಟ್ಟವರು ಬದುಕಿ, ಆಜ್ಞೆ ಪಾಲಿಸಿದವರು ಅಳಿದಾಗ, ಆ ಅಳಿವಿಗೆ ‘ಸ್ವಯಂ’ ಎಂಬ ವಿಶೇಷಣವನ್ನು ಅಂಟಿಸುವವರು ಸಾಮಾನ್ಯವಾಗಿ ಬದುಕಿದವರೇ ಆಗಿರುತ್ತಾರೆ.

ಈ ವಿಷಯದಲ್ಲಿ ಜೈನ ನೀತಿಶಾಸ್ತ್ರದ ಬಳಿ ಬಹು ಹಳೆಯದಾದರೂ ಇಂದಿಗೂ ಮಾಸದ ಒಂದು ಅಳತೆಗೋಲಿದೆ: ಕೃತ, ಕಾರಿತ, ಅನುಮೋದನ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದಾಗ ಒಪ್ಪಿದ್ದು. ಈ ಮೂರರ ಹೊಣೆಯೂ ಕರ್ತೃವಿನದೇ. ಈ ಅಳತೆಗೋಲನ್ನು ಹಿಡಿದು ನೋಡಿದರೆ, ಆಟಗಾರನ ಪಾಲಿಗೆ ಆತ್ಮಸ್ಫೋಟವು ಕೃತವಲ್ಲ, ಕಾರಿತ. ಅದು ಆತ್ಮಾಹುತಿಯಲ್ಲ, ಪರಾಹುತಿ. ಸಲ್ಲೇಖನವನ್ನು ಆತ್ಮಹತ್ಯೆಯೊಂದಿಗೆ ಸಮೀಕರಿಸಿ ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟಿನಲ್ಲಿ ತೀರ್ಪಿತ್ತಾಗ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡುವವರೆಗೆ ಸಮಾಜವು ಎಷ್ಟು ಕಳವಳಪಟ್ಟಿತೆಂಬುದು ವಾಚಕರಿಗೆ ನೆನಪಿದೆ. ದ್ವೇಷವಿಲ್ಲದ, ಆತುರವಿಲ್ಲದ, ಪರಪ್ರೇರಣೆಯಿಲ್ಲದ ವ್ರತವನ್ನು ಬೇರೆ ಹೆಸರಿನಿಂದ ಕರೆಯಬಾರದೆಂದು ಅಂದು ವಾದಿಸಿದ ಸಮಾಜವು, ದ್ವೇಷ, ಆತುರ, ಪರಪ್ರೇರಣೆ ಮೂರೂ ಕೂಡಿದ ಕ್ರಿಯೆಯೊಂದನ್ನು ತ್ಯಾಗವೆಂದು ಕರೆದಾಗ ಸುಮ್ಮನಿರುವುದು ಉಚಿತವಲ್ಲ. ಹೆಸರುಗಳ ವಿಷಯದಲ್ಲಿ ನಿಷ್ಠುರತೆ ಎರಡೂ ಕಡೆಗೆ ಸಲ್ಲಬೇಕು.

ಇನ್ನು ಈ ಕ್ರಿಯೆಯ ಜಮೆ-ಖರ್ಚನ್ನು ಖಾತೆಪುಸ್ತಕದಲ್ಲಿ ಬರೆದಂತೆ ಬರೆದು ನೋಡಬಹುದು. ಎದುರಾಳಿ ಬಿದ್ದರೆ ಗೆಲುವು ಆಟಗಾರನ ಖಾತೆಗೆ ಜಮೆ. ಕಾದಾಡಿದ ಜೀವಿಗಳಿಗೆ ಅನುಭವಾಂಕಗಳು ಸಲ್ಲುವುದು ಆಟದ ನಿಯಮ. ಆದರೆ ಮೂರ್ಛೆ ಹೋದ ಜೀವಿಗೆ ಆ ಅಂಕಗಳಿಲ್ಲ. ಸ್ಫೋಟಿಸಿದ ಜೀವಿ ತಾನೇ ತಂದ ಗೆಲುವಿನಲ್ಲಿ ಕಾಸಿನಷ್ಟೂ ಪಾಲು ಪಡೆಯುವುದಿಲ್ಲ. ಎರಡನೆಯ ಪೀಳಿಗೆಯಿಂದ ಜೀವಿಗೂ ಆಟಗಾರನಿಗೂ ನಡುವಣ ಸ್ನೇಹವನ್ನು 255ರವರೆಗಿನ ಅಂಕಗಳಲ್ಲಿ ಅಳೆಯಲಾಗುತ್ತದೆ. ಕಾಳಗದಲ್ಲಿ ಮೂರ್ಛೆ ಹೋದ ಜೀವಿಯ ಸ್ನೇಹ ಸಾಮಾನ್ಯವಾಗಿ ಒಂದೇ ಒಂದು ಅಂಕದಷ್ಟು ಇಳಿಯುತ್ತದೆ. ಯಜಮಾನನ ಆಜ್ಞೆಯಿಂದಲೇ ಬಿದ್ದುದಕ್ಕೆ ಬೇರೆ ದಂಡವೇನೂ ಇಲ್ಲ. ಊರಿನ ಆರೋಗ್ಯಕೇಂದ್ರಕ್ಕೆ ಒಯ್ದರೆ ಕ್ಷಣಾರ್ಧದಲ್ಲಿ, ಉಚಿತವಾಗಿ, ಜೀವಿಗೆ ಪೂರ್ಣ ಚೇತರಿಕೆ. ಬಂಡವಾಳ ಒಬ್ಬರದು, ನಷ್ಟವೂ ಅವರದೇ, ಲಾಭ ಮಾತ್ರ ಇನ್ನೊಬ್ಬರದು. ಯಾವ ಪೇಟೆಯಲ್ಲಿಯೂ ಇದನ್ನು ದಾನವೆಂದು ಕರೆಯುವುದಿಲ್ಲ. ತ್ಯಾಗದ ಮೊದಲ ಲಕ್ಷಣವೇ ತ್ಯಾಗಿಯು ತನ್ನದನ್ನು ಬಿಡುವುದು. ಆಟಗಾರನು ಇಲ್ಲಿ ತನ್ನದೆನ್ನುವ ಏನನ್ನೂ ಬಿಡುವುದಿಲ್ಲ.

ಹೀಗೆಂದ ಮಾತ್ರಕ್ಕೆ ಆಟದ ಕರ್ತೃಗಳು ವಿಚಾರಹೀನರೆಂದು ತೀರ್ಮಾನಿಸುವುದು ಅನ್ಯಾಯವಾಗುತ್ತದೆ. ಜೀವಿಗಳು ಸಾಯುವುದಿಲ್ಲ, ಮೂರ್ಛೆ ಹೋಗುತ್ತವೆ ಎಂಬ ನಿಯಮವನ್ನು ತಾಜಿರಿಯವರು ಬೇಕೆಂದೇ ಇಟ್ಟರು. ಆಟದ ಸೋಲನ್ನು ಮಕ್ಕಳು ಸಾವೆಂದು ಹಗುರವಾಗಿ ಆಡಬಾರದು, ಸಾವಿಗೆ ಗೌರವ ಸಲ್ಲಬೇಕು ಎಂಬ ಅಭಿಪ್ರಾಯವನ್ನು ಅವರು 1999ರಲ್ಲಿ ಟೈಮ್ ಪತ್ರಿಕೆಯ ಸಂದರ್ಶನದಲ್ಲಿ ವ್ಯಕ್ತಪಡಿಸಿದರು. ಹಾಗೆಂದು ಆ ಲೋಕದಲ್ಲಿ ಸಾವೇ ಇಲ್ಲವೆಂದಲ್ಲ. ಮೊದಲ ಆವೃತ್ತಿಗಳಲ್ಲಿಯೇ ಅಗಲಿದ ಜೀವಿಗಳ ಸಮಾಧಿಗಳಿರುವ ಗೋಪುರವೊಂದು ಇದೆ. ದುಷ್ಟರ ಕೈಯಲ್ಲಿ ಮಡಿದ ತಾಯಿಯೊಂದರ ಅಶಾಂತ ಪ್ರೇತವನ್ನು ಅಲ್ಲಿ ಆಟಗಾರನು ಸಂತೈಸಬೇಕಾಗುತ್ತದೆ. 1998ರ ಜುಲೈಯಲ್ಲಿ ತೆರೆಕಂಡ ಮೊದಲ ಪೊಕೆಮಾನ್ ಚಲನಚಿತ್ರದಲ್ಲಂತೂ ಆಜ್ಞೆ ಕೊಡುವ ಬಾಲಕನೇ, ಕಾದಾಡುವ ಎರಡು ಜೀವಿಗಳ ನಡುವೆ ಓಡಿ ಬಂದು, ಎರಡು ಕಡೆಯ ಪೆಟ್ಟನ್ನೂ ತನ್ನ ಮೈಮೇಲೆ ತೆಗೆದುಕೊಂಡು ಕಲ್ಲಾಗುತ್ತಾನೆ. ಅವನನ್ನು ಮರಳಿ ಬದುಕಿಸುವುದು ಜೀವಿಗಳ ಕಣ್ಣೀರು. ಆತ್ಮಾಹುತಿಯೆಂದರೆ ಏನೆಂಬುದು ಈ ಕಥೆಗಾರರಿಗೆ ತಿಳಿದಿತ್ತು. ಆ ತಿಳಿವು ಚಿತ್ರದಲ್ಲಿ ಇಳಿದಂತೆ ಆಟದ ಗುಂಡಿಯಲ್ಲಿ ಇಳಿಯಲಿಲ್ಲ.

ಆದರೂ ಆಟದ ನಿಯಮಗಳೊಳಗೇ ಕೆಲವು ವಿವೇಕದ ಕುರುಹುಗಳಿವೆ. ಮೂರನೆಯ ಪೀಳಿಗೆಯಲ್ಲಿ ‘ಡ್ಯಾಂಪ್’ ಎಂಬ ಸಹಜಗುಣ ಬಂದಿತು. ಈ ಗುಣವುಳ್ಳ ಜೀವಿಯೊಂದು ಕಣದಲ್ಲಿದ್ದರೆ, ಅದರ ತೇವದಿಂದಲೋ ಎಂಬಂತೆ, ಯಾವ ಪಕ್ಷದವರಿಗೂ ಸ್ಫೋಟಿಸಲು ಆಗುವುದಿಲ್ಲ. ಸ್ಫೋಟಿಸಹೊರಟ ಜೀವಿಯೂ ಉಳಿಯುತ್ತದೆ. ಸುಮ್ಮನೆ ಇರುವುದರಿಂದಲೇ ಸುತ್ತಲಿನ ಹಿಂಸೆಯನ್ನು ತಡೆಯುವ ಈ ಗುಣವನ್ನು ಯಾರೂ ಮೆಚ್ಚಲೇಬೇಕು. ಪೊಕೆಮಾನ್ ಸ್ಟೇಡಿಯಂನಂಥ ಪಂದ್ಯಾಟಗಳ ನಿಯಮ ಇನ್ನೊಂದು. ಎರಡು ಪಕ್ಷಗಳ ಕಟ್ಟಕಡೆಯ ಜೀವಿಗಳು ಒಂದೇ ಸ್ಫೋಟದಲ್ಲಿ ಬಿದ್ದರೆ, ಸ್ಫೋಟಿಸಿದ ಪಕ್ಷವೇ ಸೋತಂತೆ. ಎಲ್ಲವನ್ನೂ ಸುಟ್ಟು ಗೆದ್ದೆನೆನ್ನುವಂತಿಲ್ಲ. ಕುರುಕ್ಷೇತ್ರದ ಕಥೆಯನ್ನು ಪಂಪನಿಂದ ಕೇಳಿದ ಕನ್ನಡಿಗರಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಪೀಳಿಗೆಯಲ್ಲಿ, 2006ರಲ್ಲಿ, ಇನ್ನೂ ಗಮನಾರ್ಹವಾದ ಒಂದು ಪಟ್ಟು ಬಂದಿತು: ಹೀಲಿಂಗ್ ವಿಶ್, ಗುಣಪಡಿಸುವ ಹಾರೈಕೆ. ಇಲ್ಲಿಯೂ ಜೀವಿ ಮೂರ್ಛೆ ಹೋಗುತ್ತದೆ. ಆದರೆ ಯಾರನ್ನೂ ಹೊಡೆದಲ್ಲ. ತನ್ನ ನಂತರ ಕಣಕ್ಕೆ ಬರುವ ಸಂಗಾತಿಯ ಗಾಯವೆಲ್ಲ ಮಾಯಲಿ ಎಂದು ಹಾರೈಸಿ. ಬೀಳುವ ರೀತಿ ಎರಡರಲ್ಲೂ ಒಂದೇ. ಒಂದರ ಫಲ ಪರಪೀಡೆ, ಇನ್ನೊಂದರ ಫಲ ಪರೋಪಕಾರ. ಕ್ರಿಯೆಯ ಹೊರರೂಪಕ್ಕಿಂತ ಭಾವವೇ ಪ್ರಧಾನವೆಂಬ ಮಾತನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತ ಸಿಗುವುದು ಕಷ್ಟ. ಇಲ್ಲಿಯೂ ಗುಂಡಿ ಒತ್ತುವವನು ಆಟಗಾರನೇ ಎಂಬ ಆಕ್ಷೇಪ ಮಾತ್ರ ಉಳಿಯುತ್ತದೆ.

ಆ ಆಕ್ಷೇಪಕ್ಕೆ ಉತ್ತರ ಬಂದದ್ದು ಕರ್ತೃಗಳಿಂದಲ್ಲ, ಆಡುವವರಿಂದ. 2010ನೆಯ ವರ್ಷ ಈ ದೃಷ್ಟಿಯಿಂದ ಮಹತ್ವದ್ದು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಂದ ‘ಬ್ಲ್ಯಾಕ್’ ಮತ್ತು ‘ವೈಟ್’ ಆವೃತ್ತಿಗಳಲ್ಲಿ ಎದುರಾಳಿಯ ರಕ್ಷಣಾಬಲವನ್ನು ಅರ್ಧಕ್ಕಿಳಿಸುವ ನಿಯಮವನ್ನು ತೆಗೆದುಹಾಕಲಾಯಿತು. ಸ್ಫೋಟದ ಆಕರ್ಷಣೆ ತಾನಾಗಿ ಕುಗ್ಗಿತು. ಅದೇ ಆವೃತ್ತಿಗಳ ಕಥೆಯಲ್ಲಿ ‘ಎನ್’ ಎಂಬ ತರುಣನೊಬ್ಬ ಬರುತ್ತಾನೆ. ಜೀವಿಗಳ ಮಾತು ಅವನಿಗೆ ಕೇಳಿಸುತ್ತದೆ. ಅವುಗಳನ್ನು ಹಿಡಿದಿಟ್ಟು ಕಾದಾಡಿಸುವುದು ನ್ಯಾಯವೇ ಎಂದು ಅವನು ಆಟಗಾರನನ್ನೇ ಕೇಳುತ್ತಾನೆ. ಅವನ ಸಂಘದ ಸೂತ್ರಧಾರನು ಕಪಟಿ. ಉಳಿದವರೆಲ್ಲ ಜೀವಿಗಳನ್ನು ಬಿಟ್ಟುಕೊಟ್ಟರೆ ತಾನೊಬ್ಬನೇ ಬಲಶಾಲಿಯಾಗಬಹುದೆಂಬುದು ಅವನ ಲೆಕ್ಕ. ಹೀಗೆ ಕಥೆಯು ಪ್ರಶ್ನೆಯನ್ನು ಎತ್ತಿ, ಕೇಳಿಸಿದವನ ಕಪಟದ ನೆಪದಲ್ಲಿ ಉತ್ತರದಿಂದ ಜಾರಿಕೊಂಡಿತು. ವಿಮರ್ಶೆಯ ದೃಷ್ಟಿಯಿಂದ ಇದು ದೊಡ್ಡ ಕೊರತೆಯೇ ಸರಿ.

ಅದೇ 2010ರಲ್ಲಿ ಅಮೆರಿಕದ ಒಬ್ಬ ಯುವ ಚಿತ್ರಕಥೆಗಾರನು ತಾನಾಗಿಯೇ ಕೆಲವು ನಿಯಮಗಳನ್ನು ಹಾಕಿಕೊಂಡು ಹಳೆಯ ಆವೃತ್ತಿಯೊಂದನ್ನು ಆಡಿ, ಆ ಅನುಭವವನ್ನು ಚಿತ್ರಗಳಲ್ಲಿ ಬರೆದನು. ಪ್ರತಿ ಪ್ರದೇಶದಲ್ಲಿ ಮೊದಲು ಕಂಡ ಜೀವಿಯನ್ನು ಮಾತ್ರ ಹಿಡಿಯತಕ್ಕದ್ದು. ಮೂರ್ಛೆ ಹೋದ ಜೀವಿ ಸತ್ತಿತೆಂದೇ ಭಾವಿಸಿ ಅದನ್ನು ಬಿಟ್ಟುಬಿಡತಕ್ಕದ್ದು. ಈ ರೀತಿಯ ಆಟಕ್ಕೆ ನಜ್‌ಲಾಕ್ ಎಂಬ ಹೆಸರು ಬಂದಿತು. ಜೀವಿಗಳಿಗೆಲ್ಲ ಹೆಸರಿಡಬೇಕೆಂಬ ಕಟ್ಟಳೆಯೂ ಇದರೊಂದಿಗೆ ಬೆಳೆಯಿತು. ಅನೇಕ ದೇಶಗಳ ಆಟಗಾರರು ಇದನ್ನು ಅನುಸರಿಸಿದರು. ಯಂತ್ರವು ಇದನ್ನು ಕೇಳುವುದಿಲ್ಲ, ತಪ್ಪಿದರೆ ಶಿಕ್ಷಿಸುವುದಿಲ್ಲ, ಪಾಲಿಸಿದರೆ ಬಹುಮಾನ ಕೊಡುವುದಿಲ್ಲ. ಆಡುವವನ ಆತ್ಮಸಾಕ್ಷಿಯ ಹೊರತು ಬೇರೆ ಕಾವಲುಗಾರನಿಲ್ಲ. ಇದನ್ನು ವ್ರತವೆನ್ನದೆ ಬೇರೇನೆಂದು ಕರೆಯಬೇಕು?

ಈ ವ್ರತ ಹಿಡಿದವನ ಕೈಯಲ್ಲಿ ಆತ್ಮಸ್ಫೋಟದ ಅರ್ಥವೇ ಬದಲಾಗುತ್ತದೆ. ನಿನ್ನೆಯವರೆಗೆ ಒಂದು ಗುಂಡಿ, ಒಂದು ಉಚಿತ ಚಿಕಿತ್ಸೆ. ಇಂದು ಹೆಸರಿಟ್ಟು ಸಾಕಿದ ಸಂಗಾತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವ ನಿರ್ಧಾರ. ಬೆರಳು ತಡೆಯುತ್ತದೆ, ಬೇರೆ ದಾರಿ ಇದೆಯೇ ಎಂದು ಮನಸ್ಸು ಹುಡುಕುತ್ತದೆ. ಯಾವ ದಾರಿಯೂ ಇಲ್ಲದೆ ಆಜ್ಞೆ ಕೊಟ್ಟರೆ, ಕೊಟ್ಟವನೂ ಏನನ್ನೋ ಕಳೆದುಕೊಳ್ಳುತ್ತಾನೆ. ಖಾತೆಯ ಖರ್ಚಿನ ಪುಟದಲ್ಲಿ ಮೊದಲ ಬಾರಿಗೆ ಆಟಗಾರನ ಹೆಸರು ಬೀಳುತ್ತದೆ. ಅಂಕಿಗಳು ಬದಲಾಗಿಲ್ಲ, ಚಿತ್ರಗಳು ಬದಲಾಗಿಲ್ಲ. ಬದಲಾದದ್ದು ಸಂಕಲ್ಪ ಮಾತ್ರ.

‘ಇದೆಲ್ಲ ಆಟ, ಬೆಳಕಿನ ಚುಕ್ಕೆಗಳಿಗೆ ಜೀವವೆಲ್ಲಿಯದು?’ ಎಂಬ ಆಕ್ಷೇಪ ಸಹಜ. ಇದಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದು ಆಟದ ಒಳಗಿನದು. ಚದುರಂಗದಲ್ಲಿ ಕಾಲಾಳನ್ನು ಬಲಿಕೊಟ್ಟವನನ್ನು ಯಾರೂ ನಿಂದಿಸುವುದಿಲ್ಲ. ಕಾಲಾಳಿಗೆ ಹೆಸರಿಲ್ಲ, ಅದು ಆಟಗಾರನನ್ನು ಪ್ರೀತಿಸುವುದಿಲ್ಲ. ಪೊಕೆಮಾನ್ ಆಟವು ಹಾಗಲ್ಲ. ಅದು ಮಗುವಿನ ಕೈಯಿಂದ ಜೀವಿಗೆ ಹೆಸರಿಡಿಸುತ್ತದೆ, ಸ್ನೇಹವನ್ನು ಅಂಕಗಳಲ್ಲಿ ಅಳೆಯುತ್ತದೆ, ಇವು ಸೇವಕರಲ್ಲ ಸಂಗಾತಿಗಳು ಎಂದು ಪದೇ ಪದೇ ಹೇಳುತ್ತದೆ. ಅದನ್ನು ಅದರದೇ ಮಾತಿನಿಂದ ಅಳೆದಾಗ ಈ ಪಟ್ಟು ಸೋಲುತ್ತದೆ.

ಎರಡನೆಯ ಸಮಾಧಾನವನ್ನು ಕನ್ನಡದ ಜೈನ ಕವಿ ಜನ್ನನು 1209ರಲ್ಲಿಯೇ ಕೊಟ್ಟಿದ್ದಾನೆ. ‘ಯಶೋಧರ ಚರಿತೆ’ಯ ಅರಸನು ನಿಜವಾದ ಪ್ರಾಣಿಯನ್ನು ಕೊಲ್ಲಲು ಒಪ್ಪದೆ, ತಾಯಿಯ ಮಾತಿಗೆ ಮಣಿದು, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಹಿಟ್ಟಿಗೆ ಜೀವವಿಲ್ಲವೆಂಬುದು ಅವನಿಗೂ ಗೊತ್ತು. ಆದರೆ ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಹಲವು ಪ್ರಾಣಿಜನ್ಮಗಳನ್ನು ಎತ್ತಿ ತೊಳಲುತ್ತಾರೆ. ಗುಂಡಿ ಒತ್ತುವ ಮಗುವನ್ನು ಯಶೋಧರನೊಂದಿಗೆ ಹೋಲಿಸುವುದು ಅತಿರೇಕವೆಂಬುದು ನಿಜ. ಅರಸನು ಬಲಿಯೆಂದೇ ಬಗೆದು ಕಡಿದನು. ಮಗುವಿನ ಮನಸ್ಸಿನಲ್ಲಿ ಇರುವುದು ಕ್ರೀಡೆ. ಆದರೆ ಜನ್ನನು ಎತ್ತಿದ ಪ್ರಶ್ನೆ ವಸ್ತುವಿನ ಜೀವವನ್ನು ಕುರಿತದ್ದಲ್ಲ, ಮಾಡುವವನ ಮನಸ್ಸನ್ನು ಕುರಿತದ್ದು. ‘ನನ್ನ ಗೆಲುವಿಗಾಗಿ ನನ್ನನ್ನು ನಂಬಿದವನು ಬೀಳಲಿ, ಅದಕ್ಕೆ ತ್ಯಾಗವೆಂಬ ಹೆಸರಿರಲಿ’ ಎಂಬ ಭಾವ ಪರದೆಯ ಮೇಲೆ ನಿರಪಾಯಕಾರಿ. ಅಂಗಡಿಯಲ್ಲಿ ಗುಮಾಸ್ತನ ವಿಷಯದಲ್ಲಿ, ಮನೆಯಲ್ಲಿ ಸೊಸೆಯ ವಿಷಯದಲ್ಲಿ, ಸಂಸ್ಥೆಯಲ್ಲಿ ಕಿರಿಯ ಕಾರ್ಯಕರ್ತನ ವಿಷಯದಲ್ಲಿ ಅದೇ ಭಾವ ತಲೆಯೆತ್ತಿದಾಗ ಹಾಗಿರುವುದಿಲ್ಲ. ಇತರರ ಪಾಲಿನ ನಷ್ಟವನ್ನು ಇತರರ ತ್ಯಾಗವೆಂದು ಹೊಗಳಿ ಋಣಮುಕ್ತರಾಗುವ ಅಭ್ಯಾಸ ಮಕ್ಕಳಿಂದ ಆರಂಭವಾದದ್ದಲ್ಲ.

ಆದುದರಿಂದ ಆಟವನ್ನು ನಿಷೇಧಿಸಬೇಕೆಂಬ ಸಲಹೆಗೆ ಇಲ್ಲಿ ಎಡೆಯಿಲ್ಲ. ಮಕ್ಕಳಿಗೆ ಇದನ್ನು ವಿವೇಚಿಸುವ ಶಕ್ತಿ ಇದೆಯೆಂಬುದಕ್ಕೆ, ಯಾರೂ ಹೇಳದೆ ತರುಣರು ತಾವೇ ಹಿಡಿದ ಆ ವ್ರತವೇ ಸಾಕ್ಷಿ. ಪಾಠಶಾಲೆಯಲ್ಲಿ ಯಶೋಧರನ ಕಥೆ ಹೇಳುವ ದಿನ ಗುರುಗಳು ಈ ಪಟ್ಟಿನ ಮಾತನ್ನೂ ಎತ್ತಬಹುದು: ಬಿದ್ದವರು ಯಾರು, ಬೀಳೆಂದವರು ಯಾರು, ಗೆಲುವು ಯಾರ ಖಾತೆಗೆ ಹೋಯಿತು? ಈ ಮೂರು ಪ್ರಶ್ನೆಗಳಿಗೆ ಒಂದು ಹತ್ತು ವರ್ಷದ ಮಗು ಕೊಡುವ ಉತ್ತರ ಹಿರಿಯರನ್ನು ಬೆರಗುಗೊಳಿಸಬಹುದು. ದೇವಾಲಯದ ಬಾಗಿಲಲ್ಲಿ ಕಂಡ ಮೊಟ್ಟೆಯ ಚಿತ್ರಕ್ಕೆ ನೊಂದ ಶ್ರದ್ಧೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆ ಶ್ರದ್ಧೆ ಬಾಗಿಲಲ್ಲೇ ನಿಲ್ಲದೆ ಒಳಗೂ ನಡೆದು ಬರಬೇಕು. ಹಿಟ್ಟಿನ ಕೋಳಿ ಕೂಗಿದ್ದು ಕತ್ತಿ ಬಿದ್ದ ಮೇಲೆ. ಆ ಕೂಗನ್ನು ಕತ್ತಿ ಎತ್ತುವ ಮೊದಲೇ ಕೇಳಿಸಿಕೊಳ್ಳುವ ಕಿವಿಯನ್ನು ಬೆಳೆಸುವುದು ಹಿರಿಯರ ಕೆಲಸ.